ಒಂದಕ್ಷರ ತಪ್ಪಿಲ್ಲದ ಅರ್ಜಿ

ನಮ್ಮ ಬಳಗದಲ್ಲಿ ಮೂರು ತಿಂಗಳಿಂದ ಒಂದು ಕತೆ ಓಡಾಡುತ್ತಿದೆ. ಔರಾದದಿಂದ ಭಾಲ್ಕಿಗೆ ವರ್ಗವಾಗಿ ಬರಬೇಕಿದ್ದ ನಮ್ಮ ಶಕುಂತಲಾ ಅತ್ತೆಯನ್ನು ಯಾವುದೋ ಒಂದು ಇಂಗ್ಲಿಷ್ ಶಬ್ದ ಎತ್ತಿಕೊಂಡು ಹೋಗಿ ಚಿಂತಾಕಿಯಲ್ಲಿ ಇಳಿಸಿತಂತೆ. ಅರ್ಜಿಯಲ್ಲಿ ಪದ ಹೆಚ್ಚುಕಮ್ಮಿಯಾಯಿತಂತೆ, ಅರ್ಥ ಬೇರೆಯಾಯಿತಂತೆ, ಆದೇಶ ಎಲ್ಲಿಗೋ ಹೊರಟಿತಂತೆ. ಮದುವೆ ಊಟದ ಪಂಕ್ತಿಯಲ್ಲಿ, ಬೀದರ್ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ, ಒಮ್ಮೆಯಂತೂ ಹಲ್ಲಿನ ದವಾಖಾನೆಯಲ್ಲಿ ಬಾಯಿಗೆ ಹತ್ತಿ ತುರುಕಿಕೊಂಡಿದ್ದ ಒಬ್ಬರ ಬಾಯಿಂದಲೂ ಈ ಕತೆಯನ್ನು ನಾನು ಕೇಳಿದ್ದೇನೆ. ಹೇಳುವವರು ಹೇಳುತ್ತಾರೆ. ಕೇಳುವವರು "ಛೇ" ಎಂದು ಇಂಗ್ಲಿಷ್ ಭಾಷೆಯನ್ನು ಒಂದು ಸಲ ಬೈದು ಮುಂದಿನ ಮಾತಿಗೆ ಹೋಗುತ್ತಾರೆ. ನಾನು ಹೋಗುವುದಿಲ್ಲ. ಏಕೆಂದರೆ ಆ ಅರ್ಜಿಯನ್ನು ತಿದ್ದಿ ಸಿದ್ಧ ಮಾಡಿದವಳು ನಾನು, ಮತ್ತು ಅದರಲ್ಲಿ ಒಂದೇ ಒಂದು ಇಂಗ್ಲಿಷ್ ಪದವೂ ತಪ್ಪಿರಲಿಲ್ಲ. ಈ ಮಾತನ್ನು ಇಂದಿಗೂ ಯಾವ ವೇದಿಕೆಯ ಮೇಲೆ ಬೇಕಾದರೂ ನಿಂತು ಹೇಳಬಲ್ಲೆ. ಹೇಳಿ ಗೆಲ್ಲಬಲ್ಲೆ ಕೂಡ. ನನ್ನ ಸಂಕಟ ಇರುವುದೇ ಅಲ್ಲಿ.

ವೇದಿಕೆಯ ಮಾತು ಸುಮ್ಮನೆ ಬರಲಿಲ್ಲ. ಕಾಲೇಜಿನ ಮೂರು ವರ್ಷವೂ ನಾನು ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು. ಚೀಟಿ ಎತ್ತಿದಾಗ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಬೆಳಿಗ್ಗೆ ಮೊಬೈಲ್ ಶಾಪವೆಂದು ಬಹುಮಾನ ಪಡೆದು ಮಧ್ಯಾಹ್ನ ಅದೇ ಮೊಬೈಲ್ ವರವೆಂದು ಇನ್ನೊಂದು ಬಹುಮಾನ ಪಡೆದದ್ದೂ ಉಂಟು. ಎದುರಾಳಿ ಬಾಯಿ ತೆರೆಯುವ ಮೊದಲೇ "ಇದಕ್ಕೆ ಆಧಾರವೇನು?" ಎಂದು ಕೇಳಬೇಕು ಎಂಬುದು ನಮ್ಮ ಮೊದಲ ಪಾಠ. ಗಂಟೆ ಬಾರಿಸಿದ ಮೇಲೆ ಸ್ಪರ್ಧೆ ಮುಗಿಯುತ್ತದೆ ಎಂಬ ಎರಡನೆಯ ಪಾಠವನ್ನು ನಾನು ಅಷ್ಟು ಚೆನ್ನಾಗಿ ಕಲಿಯಲಿಲ್ಲ. ಮನೆಯಲ್ಲಿ ನನಗೆ 'ವಕೀಲ್ರು' ಎಂದೇ ಹೆಸರು. "ಬ್ಯಾಳಿಗೆ ಉಪ್ಪು ಕಮ್ಮಿ ಆಗ್ಯಾದ ಅಂದ್ರ ಅದಕ್ಕೂ ಸಾಕ್ಷಿ ಕೇಳ್ತಾಳ ನೋಡ್ರಿ ನಮ್ಮ ಸುಜಾತಾ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ. ಉಪ್ಪು ಕಡಿಮೆಯಾಗಿದೆ ಎಂದು ಒಬ್ಬರೇ ಹೇಳಿದರೆ ಅದು ಅಭಿಪ್ರಾಯ, ಇಬ್ಬರು ಹೇಳಿದರೆ ಸಾಕ್ಷಿ ಎಂದು ನಾನು ಈಗಲೂ ನಂಬಿದ್ದೇನೆ.

ಹೊಟ್ಟೆಪಾಡಿಗೆ ನಾನು ಬೀದರಿನಲ್ಲಿ, ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ, ಬಿದರಿ ಕೆಲಸದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನೌಕರಿ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅದರಲ್ಲೂ ಒಂದರ ಬದಲು ಇನ್ನೊಂದು ಬಂದು ಕೂರುವ ಜೋಡಿ ಪದಗಳು ನನ್ನ ವಿಶೇಷ. ಗೋಡೆಯ ಮೇಲೆ ನಲವತ್ತು ಜೋಡಿಗಳ ದೊಡ್ಡ ಪಟ್ಟಿ ಇದೆ. ಕೊಟ್ಟದ್ದನ್ನು ತೆಗೆದುಕೊಂಡು ಒಪ್ಪಿಕೊಂಡರೆ ಅದು ಅಕ್ಸೆಪ್ಟ್. ಎಲ್ಲರನ್ನೂ ಸೇರಿಸಿ ಒಬ್ಬರನ್ನು ಮಾತ್ರ ಹೊರಗಿಟ್ಟರೆ ಅದು ಎಕ್ಸೆಪ್ಟ್. ಚಪ್ಪಲಿಯ ಪಟ್ಟಿ ಸಡಿಲಾದರೆ ಲೂಸ್. ಚಪ್ಪಲಿಯೇ ಕಳೆದುಹೋದರೆ ಲೂಝ್, ಮತ್ತು ಬರೆಯುವಾಗ ಅದಕ್ಕೆ ಒಂದೇ 'ಓ', ಏಕೆಂದರೆ ಇನ್ನೊಂದು ಕಳೆದುಹೋಗಿದೆ. ಬಿಸಿಲು ತಲೆಗೆ ಹೊಡೆಯುವುದು ಅಫೆಕ್ಟ್, ಅದು ಕ್ರಿಯೆ. ಹೊಡೆದ ಮೇಲೆ ಬರುವ ತಲೆನೋವು ಎಫೆಕ್ಟ್, ಅದು ಫಲ. ಡಾಕ್ಟರ್ ಕೊಡುವ ಸಲಹೆ ಅಡ್ವೈಸ್. ಅವರು ಸಲಹೆ ಕೊಡುವ ಕೆಲಸ ಅಡ್ವೈಝ್. ಹುಡುಗರು ಹುಡುಗಿಯರು ಇದನ್ನೆಲ್ಲ ಒಟ್ಟಿಗೆ ಕೂಗಿ ಹೇಳುವಾಗ ಕೆಳಗೆ ಅಂಗಡಿಯಲ್ಲಿ ಉಸ್ತಾದರು ಹೂಜಿಯ ಮೇಲೆ ಬೆಳ್ಳಿ ಕೂರಿಸುತ್ತ ಉಳಿ ಬಡಿಯುತ್ತಿರುತ್ತಾರೆ. ಒಂದು ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು: "ಮೇಡಂ, ಲೂಸ್ ಲೂಸ್ ಅಂತ ಎರಡೆರಡು ಸಲ ಯಾಕ ಒದರಸ್ತೀರಿ? ಎರಡೂ ಒಂದೇ ಅವಲ್ರಿ." ಎರಡೂ ಬೇರೆ ಎಂದು ಹತ್ತು ನಿಮಿಷ ವಾದಿಸಿದೆ. ಅವರು ನಕ್ಕು, "ಹೌದಾ? ನನ್ನ ಟಕ್ ಟಕ್ ನಿಮಗ ಒಂದೇ ಕೇಳಸ್ತದಿಲ್ಲೋ? ನನಗ ಒಂದೊಂದು ಏಟೂ ಬ್ಯಾರೇನೇ ಅವ" ಎಂದರು. ನಾನು ಮೇಲೆ ಹೋಗಿ ಪಾಠ ಮುಂದುವರಿಸಿದೆ.

ನಮ್ಮವರು ಈ ಜೋಡಿಗಳಲ್ಲಿ ಎಡವುವುದಕ್ಕೆ ದಡ್ಡತನ ಕಾರಣವಲ್ಲ ಎಂದು ನಾನು ತರಗತಿಯಲ್ಲಿ ಮೊದಲ ದಿನವೇ ಹೇಳುತ್ತೇನೆ. ಪಕ್ಕದ ಮನೆಯಿಂದ ಜರಡಿ ಕಡ ತಂದರೂ 'ಕಡ', ಅವರಿಗೆ ನಮ್ಮ ಸಾಣಿಗೆ ಕಡ ಕೊಟ್ಟರೂ 'ಕಡ'. ನಾವು ಅದೇ ಪದವನ್ನು ಆ ಮನೆಗೂ ಈ ಮನೆಗೂ ಓಡಾಡಿಸುತ್ತೇವೆ; ಇಂಗ್ಲಿಷಿನವರು ತರುವುದಕ್ಕೆ ಬಾರೋ, ಕೊಡುವುದಕ್ಕೆ ಲೆಂಡ್ ಎಂದು ಬೇರೆ ಬೇರೆ ಬಾಗಿಲು ಇಟ್ಟುಕೊಂಡಿದ್ದಾರೆ. ಹಾಗೆಯೇ 'ಕೇಳು'. ಪ್ರಶ್ನೆ ಹಾಕಿದರೂ ಕೇಳು, ಶಬ್ದ ಕಿವಿಗೆ ಬಿದ್ದರೂ ಕೇಳು, ಗಮನವಿಟ್ಟು ಕಿವಿ ಕೊಟ್ಟರೂ ಕೇಳು. ಅವರಿಗೆ ಮೂರಕ್ಕೂ ಮೂರು. ಮೊದಲನೆಯದು ಆಸ್ಕ್. ಕಿವಿ ಇದ್ದರೆ ಸಾಕು, ತಾನಾಗಿ ಆಗುವುದು ಹಿಯರ್. ಮನಸ್ಸು ಮಾಡಿ ಮಾಡಬೇಕಾದದ್ದು ಲಿಸನ್. ಈ ಕೊನೆಯ ಎರಡರ ವ್ಯತ್ಯಾಸವನ್ನು ನನ್ನಷ್ಟು ಸೊಗಸಾಗಿ ಬೀದರಿನಲ್ಲಿ ಯಾರೂ ಹೇಳಿಕೊಡುವುದಿಲ್ಲ ಎಂಬ ಖ್ಯಾತಿ ನನಗಿದೆ. ಖ್ಯಾತಿ ಹಬ್ಬಿಸಿದವಳೂ ನಾನೇ.

ಈಗ ಅತ್ತೆಯ ವಿಷಯ. ಶಕುಂತಲಾ ಅತ್ತೆ ನಮ್ಮ ಅಪ್ಪನ ಅಕ್ಕ. ಭಾಲ್ಕಿಯಲ್ಲಿ ಮನೆ. ಈ ಕಡೆಯ ನಾಲ್ಕೈದು ಊರುಗಳಲ್ಲಿ ಶಾಲೆ ನಡೆಸುವ ಒಂದು ಸಂಸ್ಥೆಯಲ್ಲಿ, ಅದರ ಔರಾದ ಶಾಲೆಯಲ್ಲಿ, ಅವರು ಕನ್ನಡ ಟೀಚರ್. ಹದಿನಾಲ್ಕು ವರ್ಷದಿಂದ ದಿನಾ ಬಸ್ಸಿನಲ್ಲಿ ಔರಾದಕ್ಕೆ ಹೋಗಿ ಬರುತ್ತಿದ್ದರು. ಎರಡು ವರ್ಷದಿಂದ ಬಲ ಮೊಣಕಾಲು ಕೈಕೊಟ್ಟಿದೆ. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂಬುದು ಮೊಣಕಾಲು ಗಟ್ಟಿಯಿದ್ದವರಿಗೆ ತಿಳಿಯುವುದಿಲ್ಲ. ಅತ್ತೆ ಎರಡೂ ಕೈಯಿಂದ ಕಂಬಿ ಹಿಡಿದು, ಎಡಗಾಲಿಟ್ಟು, ಬಲಗಾಲನ್ನು ಚೀಲ ಎಳೆದುಕೊಂಡಂತೆ ಎಳೆದು, ಮತ್ತೆ ಮುಂದಿನ ಮೆಟ್ಟಿಲಿಗೆ ಹೋಗುವಷ್ಟರಲ್ಲಿ ಕಂಡಕ್ಟರ್ "ಜಲ್ದಿ ಏರ್ರಿ ಅಕ್ಕೋರೆ" ಎನ್ನುತ್ತಾನೆ. "ಏರ್ಲಾಕತ್ತೀನಪ್ಪಾ, ನಿನ್ನ ಬಸ್ಸು ಜರಾ ಕೆಳಗ ಕೂಡಸು" ಎಂದು ಇವರು ಅನ್ನುತ್ತಾರೆ. ಬಸ್ಸಿನವರೆಲ್ಲ ನಗುತ್ತಾರೆ. ನಕ್ಕರೂ ಕಾಲು ಕಾಲೇ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ. ಅದೇ ಸಂಸ್ಥೆಯ ಶಾಲೆ ಭಾಲ್ಕಿಯಲ್ಲೂ ಇದೆ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಕನ್ನಡ ಟೀಚರ ಜಾಗ ಖಾಲಿಯಾಯಿತು ಎಂಬ ಸುದ್ದಿ ಬಂದಾಗ ಅತ್ತೆ ಫೋನು ಮಾಡಿದರು. ಸಂಸ್ಥೆಯ ಕಚೇರಿಗೆ ಇಂಗ್ಲಿಷಿನಲ್ಲೇ ಅರ್ಜಿ ಕೊಡಬೇಕೆಂಬ ನಿಯಮ, ಕನ್ನಡ ಟೀಚರಾದರೂ ಕೂಡ. ವರ್ಷಕ್ಕೆ ಒಂದೇ ಸಲ ಅವಕಾಶ. "ಸುಜಾ, ಐತವಾರ ಬಾ. ಜರಾ ನೋಡಿ ಕೊಡು" ಎಂದರು.

ಇಲ್ಲಿ ನಮೂನೆಯ ಬಗ್ಗೆ ಹೇಳಬೇಕು. ನಮ್ಮ ಕಡೆ ಯಾರೂ ಅರ್ಜಿ ಬರೆಯುವುದಿಲ್ಲ. ಹಿಂದೆ ಮಂಜೂರಾದ ಅರ್ಜಿಯ ಝೆರಾಕ್ಸ್ ಹುಡುಕುತ್ತಾರೆ. ಮಂಜೂರಾದದ್ದಕ್ಕೆ ಕೈಗುಣ ಇರುತ್ತದೆ ಎಂಬ ನಂಬಿಕೆ. ಈ ಸಂಸ್ಥೆಯ ಶಾಲೆಗಳಲ್ಲಿ ಅಂಥ ಒಂದು ಪ್ರಸಿದ್ಧ ನಮೂನೆ ಇದೆ. ಎಂದೋ ನಿವೃತ್ತರಾದ ಹೆಡ್ ಮಾಸ್ತರೊಬ್ಬರು ತಾವು ವರ್ಗ ಕೇಳುವಾಗ ಬರೆದದ್ದು. ಎಂಟು ದಿನದಲ್ಲಿ ಮಂಜೂರಾಯಿತಂತೆ. ಅಂದಿನಿಂದ ಅದು ಶಾಲೆಯಿಂದ ಶಾಲೆಗೆ, ಬೀರುವಿನಿಂದ ಬೀರುವಿಗೆ ಹೋಗುತ್ತಲೇ ಇದೆ. ಅದನ್ನು ಕೈಗೆ ಕೊಡುವವರು ಒಂದು ಮಾತು ಹೇಳಿಯೇ ಕೊಡುತ್ತಾರೆ: "ಹೆಸರು, ಊರು, ತಾರೀಖು ಬದಲ ಮಾಡ್ರಿ. ಉಳಿದದ್ದು ಮುಟ್ಟಬ್ಯಾಡ್ರಿ." ಯಾರೂ ಮುಟ್ಟಿಲ್ಲ. ಹೆಡ್ ಮಾಸ್ತರರಿಗೆ ಬೆನ್ನುನೋವಿತ್ತು. ಆದ್ದರಿಂದ ಇಷ್ಟು ವರ್ಷಗಳಲ್ಲಿ ವರ್ಗ ಕೇಳಿದ ಎಲ್ಲ ಶಿಕ್ಷಕರಿಗೂ, ಕಬಡ್ಡಿ ಆಡಿಸುವ ಪಿ.ಟಿ. ಮಾಸ್ತರರಿಗೂ, ಬೆನ್ನುನೋವೇ.

ಆ ಭಾನುವಾರ ಭಾಲ್ಕಿಗೆ ರೈಲಿನಲ್ಲಿ ಹೋದೆ. ಅತ್ತೆ ನಮೂನೆಯನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಓದಿದೆ. ಓದಿ ನನಗಾದ ಸಂತೋಷವನ್ನು ಹೇಳಲಾರೆ. ನನ್ನ ಗೋಡೆಯ ಪಟ್ಟಿಯೇ ಎದ್ದು ಬಂದು ಅರ್ಜಿಯಾಗಿ ಕೂತಿತ್ತು. ಮೇಲ್ಗಡೆ ಸಂಸ್ಥೆಯ ಪ್ರಿನ್ಸಿಪಾಲರನ್ನು ಸಂಬೋಧಿಸಿದ್ದ ಪದದ ಬಾಲ ತಪ್ಪಾಗಿತ್ತು: ಕೊನೆಗೆ 'ಎ ಎಲ್' ಬಂದರೆ ಅದು ಕುರ್ಚಿಯಲ್ಲಿ ಕೂರುವ ಮನುಷ್ಯ, 'ಎಲ್ ಇ' ಬಂದರೆ ಕುರ್ಚಿಯಲ್ಲಿ ಕೂರದ ತತ್ವ. ಅಷ್ಟು ವರ್ಷದಿಂದ ಎಲ್ಲರೂ "ಮಾನ್ಯ ತತ್ವವೇ" ಎಂದು ಬರೆಯುತ್ತ ಬಂದಿದ್ದರು. ಆರೋಗ್ಯ 'ಎಫೆಕ್ಟ್' ಆಗಿತ್ತು. ಡಾಕ್ಟರ ಸಲಹೆಗೆ ಕ್ರಿಯಾಪದ ಹಾಕಿತ್ತು. ಆರೋಗ್ಯ ಕಳೆದುಕೊಳ್ಳುವೆ ಎನ್ನಬೇಕಾದಲ್ಲಿ ಆರೋಗ್ಯ ಸಡಿಲಿಸುವೆ ಎಂದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕೊನೆಯ ಸಾಲಿನಲ್ಲಿ, ದಯವಿಟ್ಟು ನನ್ನ ಅರ್ಜಿಯನ್ನು ಒಪ್ಪಿಕೊಂಡು ಇಂಥ ಊರಿಗೆ ವರ್ಗ ಮಾಡಬೇಕು ಎನ್ನುವಲ್ಲಿ, ಒಪ್ಪಿಕೊಳ್ಳುವ 'ಅಕ್ಸೆಪ್ಟ್' ಬದಲು ಹೊರಗಿಡುವ 'ಎಕ್ಸೆಪ್ಟ್' ಕೂತಿತ್ತು.

"ಅತ್ತಿ, ಇದು ಏನು ಬರದದ ಗೊತ್ತೇನ್ರಿ? ನನ್ನ ಅರ್ಜಿ ಒಂದು ಬಿಟ್ಟು ಉಳಿದವರದು ನೋಡ್ರಿ ಅಂತ ಬರದದ!"

"ಆದರೂ ಎಲ್ಲಾರಿಗೂ ಮಂಜೂರಾಗ್ಯಾದಲ್ಲವಾ."

"ಅದು ವಾದ ಅಲ್ರಿ. ತಪ್ಪು ಮಾಡಿ ಪಾಸಾದ್ರ ತಪ್ಪು ಸರಿ ಆಗ್ತದೇನ್ರಿ?"

ಅತ್ತೆಯ ಗಂಡ, ನಮ್ಮ ಮಾಮಾ, ಜಗಲಿಯ ಮೇಲೆ ತೊಗರಿಕಾಯಿ ಸುಲಿಯುತ್ತ ಕೂತಿದ್ದವರು ಒಳಗೆ ಇಣುಕಿ, "ವಕೀಲ್ರು ಬಂದಾರ. ಕೇಸು ಗೆದ್ದಂಗೇ ಬಿಡು" ಎಂದರು. ಅತ್ತೆ ಮೆಲ್ಲಗೆ, "ಉಳಿದದ್ದು ಮುಟ್ಟಬ್ಯಾಡ ಅಂತಾರ ನೋಡು ಎಲ್ಲಾರೂ" ಎಂದರು. ನಾನು ಉಳಿದದ್ದನ್ನೆಲ್ಲ ಮುಟ್ಟಿದೆ. ಕೆಂಪು ಪೆನ್ನು ತೆಗೆದು ಮೇಲಿನಿಂದ ಶುರು ಮಾಡಿದೆ. ಹೆಡ್ ಮಾಸ್ತರರ ಹೆಸರು ಹೊಡೆದು ಅತ್ತೆಯ ಹೆಸರು ಬರೆದೆ, ತಾರೀಖು ಬದಲಿಸಿದೆ, ಬೆನ್ನು ತೆಗೆದು ಮೊಣಕಾಲು ಹಾಕಿದೆ. ತತ್ವವನ್ನು ಮನುಷ್ಯನನ್ನಾಗಿ ಮಾಡಿದೆ. ಕೊನೆಯ ಸಾಲಿಗೆ ಸಂಭ್ರಮದಿಂದ ಬಂದೆ. ಆ 'ಎಕ್ಸೆಪ್ಟ್'ನ ತಲೆ ಕತ್ತರಿಸಿ ಸರಿಯಾದದ್ದನ್ನು ಕೂರಿಸಿ, ಅದರ ಬಗ್ಗೆ ಅತ್ತೆಗೂ ಮಾಮಾನಿಗೂ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಆಮೇಲೆ ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗಿ ಟೈಪು ಮಾಡಿಸಿ ಎರಡು ಪ್ರತಿ ತಂದೆ.

ಅತ್ತೆ ಸಹಿ ಹಾಕುವ ಮೊದಲು ಓದಲು ಕೂತರು. ಪೆನ್ಸಿಲ್ಲಿನ ತುದಿಯನ್ನು ಸಾಲಿನ ಕೆಳಗೆ ಓಡಿಸುತ್ತ ಓದುವುದು ಅವರ ರೂಢಿ. ಮಕ್ಕಳ ಉತ್ತರ ಪತ್ರಿಕೆ ಇರಲಿ, ಲಗ್ನಪತ್ರಿಕೆ ಇರಲಿ, ಎಲ್ಲದಕ್ಕೂ ಅದೇ ಪೆನ್ಸಿಲ್. ಇಂಗ್ಲಿಷ್ ಅವರಿಗೆ ಅಷ್ಟೇನೂ ಅಪರಿಚಿತವಲ್ಲ, ನಿಧಾನ ಅಷ್ಟೆ. ನಾನು ಪಕ್ಕದಲ್ಲಿ ಕೂತು, ಅವರಿಗೆ ಕಷ್ಟವಾಗಬಾರದೆಂದು, ಅರ್ಥವನ್ನು ಕನ್ನಡದಲ್ಲಿ ಹೇಳುತ್ತ ಹೋದೆ: ನನ್ನ ಮೊಣಕಾಲು ಹೀಗಿದೆ, ಡಾಕ್ಟರು ಹೀಗೆ ಹೇಳಿದ್ದಾರೆ, ಆದ್ದರಿಂದ ನನ್ನನ್ನು ಭಾಲ್ಕಿಗೆ ವರ್ಗ ಮಾಡಬೇಕು. ಪೆನ್ಸಿಲ್ ಕೊನೆಯ ಸಾಲಿನಲ್ಲಿ ನಿಂತಿತು. ಸ್ವಲ್ಪ ಹೊತ್ತು ನಿಂತೇ ಇತ್ತು.

"ಸುಜಾ, ಎಲ್ಲಾ ಬರೋಬರ ಅದ ಏನವಾ?"

ನಾನು ಆಗ ಮಾಮಾ ಸುಲಿದಿಟ್ಟ ತೊಗರಿಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. "ಒಂದಕ್ಷರ ತಪ್ಪಿಲ್ಲ ಅತ್ತಿ. ಇಡೀ ಬೀದರ್ ಜಿಲ್ಲಾದಾಗ ಇಂಥ ಅರ್ಜಿ ಯಾರೂ ಕೊಟ್ಟಿರಲಿಕ್ಕಿಲ್ಲ. ಸಹಿ ಮಾಡ್ರಿ" ಎಂದೆ.

ಅತ್ತೆ ಸಹಿ ಮಾಡಿದರು.

ಏಳನೆಯ ದಿನ ಸಂಸ್ಥೆಯ ಕಚೇರಿಯಿಂದ ಅತ್ತೆಗೆ ಫೋನು ಬಂತು: ವರ್ಗ ಮಂಜೂರಾಗಿದೆ, ಆದೇಶ ಬರುತ್ತದೆ. ಹೆಡ್ ಮಾಸ್ತರರ ದಾಖಲೆಯನ್ನು ನಾವು ಒಂದು ದಿನದಿಂದ ಮುರಿದಿದ್ದೆವು. ನಾನು ಅಂದು ತರಗತಿಯಲ್ಲಿ ಪಾಠವನ್ನೇ ಮಾಡಲಿಲ್ಲ. ಸರಿಯಾದ ಪದ ಸರಿಯಾದ ಜಾಗದಲ್ಲಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ನಮ್ಮ ಅತ್ತೆಯ ಮೊಣಕಾಲನ್ನು ವಿವರಿಸಿದೆ. ಕೆಳಗೆ ಇಳಿಯುವಾಗ ಉಸ್ತಾದರಿಗೂ ಒಂದು ಪೇಢಾ ಕೊಟ್ಟು, "ಎರಡೂ ಒಂದೇ ಅಂದಿದ್ರಲ್ಲ, ನೋಡ್ರಿ ಈಗ" ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಪೇಢಾ ತಿಂದರು.

ಆದೇಶ ಬಂತು. ತಮ್ಮ ಕೋರಿಕೆಯ ಮೇರೆಗೆ ಶ್ರೀಮತಿ ಶಕುಂತಲಾ ಅವರನ್ನು ಔರಾದ ಶಾಲೆಯಿಂದ ಚಿಂತಾಕಿ ಶಾಲೆಗೆ ವರ್ಗಾಯಿಸಲಾಗಿದೆ.

ಚಿಂತಾಕಿಗೆ ನಾನು ಅವಮಾನ ಮಾಡುತ್ತಿಲ್ಲ. ಒಳ್ಳೆಯ ಊರು. ಆದರೆ ಅದು ಔರಾದ ತಾಲೂಕಿನದೇ ಊರು. ಭಾಲ್ಕಿಯಿಂದ ಹೋಗುವವರಿಗೆ ಔರಾದದಲ್ಲಿ ಇಳಿದು ಇನ್ನೊಂದು ಬಸ್ ಹತ್ತಬೇಕು. ಅಂದರೆ ದಿನಕ್ಕೆ ಎರಡು ಸಲ ಏರುವುದಿದ್ದದ್ದು ನಾಲ್ಕು ಸಲವಾಯಿತು. ಅತ್ತೆ ಹೋಗಿ ಹಾಜರಾದರು. ಅವರು ಅತ್ತದ್ದನ್ನಾಗಲಿ ಬೈದದ್ದನ್ನಾಗಲಿ ಯಾರೂ ನೋಡಲಿಲ್ಲ. ಹೇಗಾಯಿತು ಇದು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟರು: "ಅದೇನೋ ಇಂಗ್ಲಿಷ್ ಶಬ್ದ ಹೆಚ್ಚುಕಮ್ಮಿ ಆಗ್ಯಾದ ನೋಡ್ರಿ."

ಅಷ್ಟೇ. ಕತೆ ಹುಟ್ಟಿದ್ದು ಅಲ್ಲಿ.

ಉಳಿದ ಯಾರು ಏನು ಹೇಳಿದ್ದರೂ ನಾನು ಸಹಿಸುತ್ತಿದ್ದೆ. ಆದರೆ ಇಂಗ್ಲಿಷ್ ಶಬ್ದ ತಪ್ಪಾಗಿದೆ ಎಂದರೆ! ಅರ್ಜಿ ತಿದ್ದಿದ್ದು ಸುಜಾತಾ ಎಂದು ಗೊತ್ತಿದ್ದವರು ನನ್ನ ಮುಖ ನೋಡಿ ಮರುಗಿದರು. "ಇರಲಿ ಬಿಡವ್ವಾ, ಇಂಗ್ಲಿಷ್ ಅಂದ್ರ ಯಾರಿಗಾದ್ರೂ ಆಗ್ತದ" ಎಂದರು. ಆ ಸಮಾಧಾನ ನನಗೆ ಮುಳ್ಳಿನಂತೆ ಚುಚ್ಚಿತು. ಮೂರು ತಿಂಗಳು ನಾನು ಒಂದು ಚಳವಳಿಯನ್ನೇ ನಡೆಸಿದೆ. ಸೀಮಂತದ ಮನೆಯಲ್ಲಿ ಅಕ್ಸೆಪ್ಟ್ ಎಕ್ಸೆಪ್ಟ್ ವ್ಯತ್ಯಾಸ ವಿವರಿಸಿದೆ. ಚಿಕ್ಕಪ್ಪನ ಹೊಸ ಮನೆಯ ಕಾರ್ಯಕ್ರಮದಲ್ಲಿ, ಹಾಲು ಉಕ್ಕುವ ಹೊತ್ತಿನಲ್ಲಿ, ಆರೋಪ ಮಾಡುವವರೇ ಆಧಾರ ಒದಗಿಸಬೇಕು ಎಂದು ಸವಾಲು ಹಾಕಿದೆ. ಹಾಲು ಉಕ್ಕಿದ್ದನ್ನು ಯಾರೂ ಗಮನಿಸಲಿಲ್ಲ ಎಂದು ಚಿಕ್ಕಮ್ಮ ಈಗಲೂ ಮಾತು ಬಿಟ್ಟಿದ್ದಾರೆ. ಸಂಸ್ಥೆಯ ಕಚೇರಿಗೆ ಫೋನು ಮಾಡಿ ಗುಮಾಸ್ತರನ್ನು ತರಾಟೆಗೆ ತೆಗೆದುಕೊಂಡೆ. ಅವರು ಬಹಳ ಸಮಾಧಾನದ ಮನುಷ್ಯ. "ಮೇಡಂ, ನಾವು ಅರ್ಜಿ ಪ್ರಕಾರನೇ ಮಾಡೇವ್ರಿ" ಎಂದರು.

"ಅರ್ಜಿದಾಗ ಒಂದು ತಪ್ಪು ತೋರಸ್ರಿ ನೋಡೋಣ."

"ತಪ್ಪು ಎಲ್ಲದರಿ? ಭಾಳ ಚಂದ ಬರದೀರಿ. ನೀವು ಒಮ್ಮಿ ಓದ್ರಿ ಬೇಕಾದ್ರ."

ನಾನೇ ಬರೆದದ್ದನ್ನು ನನಗೇ ಓದಲು ಹೇಳುವ ಈ ಧಾರ್ಷ್ಟ್ಯಕ್ಕೆ ಸಿಟ್ಟಾಗಿ ಫೋನಿಟ್ಟೆ. ಆದರೆ "ತಪ್ಪು ಎಲ್ಲದರಿ" ಎಂಬ ಮಾತನ್ನು ಮಾತ್ರ ಎತ್ತಿಕೊಂಡು, ಕಚೇರಿಯೇ ಒಪ್ಪಿದೆ ಎಂದು ಇನ್ನಷ್ಟು ಕಡೆ ಸಾರಿದೆ.

ಓದಲು ಅರ್ಜಿ ನನ್ನ ಹತ್ತಿರ ಇರಲೂ ಇಲ್ಲ. ಟೈಪು ಮಾಡಿದ ಅಂಗಡಿಯವನು ಅಳಿಸಿದ್ದ. ಕೆಂಪು ಶಾಯಿಯ ನಮೂನೆಯೂ, ಕಚೇರಿಯ ಮುದ್ರೆ ಬಿದ್ದ ನಮ್ಮ ಪ್ರತಿಯೂ ಅತ್ತೆಯ ಫೈಲಿನಲ್ಲಿ. ಆ ಪ್ರತಿಯನ್ನು ಕೊಡಿ, ನಾಲ್ಕು ಜನರ ಮುಂದೆ ಓದಿ ಬಾಯಿ ಮುಚ್ಚಿಸುತ್ತೇನೆ ಎಂದು ನಾನು ಎಷ್ಟು ಸಲ ಕೇಳಿದೆನೋ. "ಎಲ್ಲೋ ಅದವಾ, ಹುಡುಕಬೇಕು" ಎಂದು ಒಂದು ಸಲ. "ಫೈಲು ಸಾಲ್ಯಾಗ ಉಳದದ" ಎಂದು ಇನ್ನೊಂದು ಸಲ. "ಬಿಡು, ಮುಗದ ಮಾತು" ಎಂದು ಮತ್ತೊಂದು ಸಲ. ಇಪ್ಪತ್ತೈದು ವರ್ಷದ ಹಿಂದಿನ ಬಸ್ ಟಿಕೇಟನ್ನೂ ಎಲ್ಲಿದೆ ಎಂದು ಕತ್ತಲಲ್ಲಿ ತೆಗೆದುಕೊಡಬಲ್ಲ ಹೆಂಗಸು ಅವರು. ನನಗೆ ಅನುಮಾನ ಬರಬೇಕಿತ್ತು. ಸಕಲವನ್ನೂ ಅನುಮಾನಿಸುವ ನನಗೆ ನನ್ನ ಕೆಂಪು ಪೆನ್ನಿನ ಮೇಲೆ ಮಾತ್ರ ಬರಲಿಲ್ಲ.

ಕಳೆದ ವಾರ ಭಾಲ್ಕಿಯಲ್ಲಿ ಆ ಜಾಗ ಇನ್ನೂ ಖಾಲಿಯೇ ಇದೆಯೆಂದೂ, ಆರೋಗ್ಯದ ಕಾರಣವಿದ್ದವರ ಅರ್ಜಿಯನ್ನು ಇನ್ನೊಮ್ಮೆ ನೋಡುತ್ತಾರೆಂದೂ ತಿಳಿಯಿತು. ನಾನು ಕರೆಯದೆಯೇ ಹೋದೆ. ಅತ್ತೆ ಆಗಷ್ಟೇ ಚಿಂತಾಕಿಯಿಂದ ಬಂದು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಕಾಲು ಊದಿತ್ತು. "ಈ ಸಲ ನಾನೇ ಬರದೀನಿ, ನೋಡು" ಎಂದು ಮೇಜಿನ ಮೇಲಿನ ಕಾಗದ ತೋರಿಸಿ, ಗೋಡೆ ಹಿಡಿದು ಎದ್ದು ಚಹಾ ಇಡಲು ಒಳಗೆ ಹೋದರು. ನಾನೇ ಮಾಡುತ್ತೇನೆ ಎಂದರೂ ಬಿಡಲಿಲ್ಲ.

ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು. ಯಾರಿಂದಲೋ ಹಳೆಯ ನಮೂನೆಯ ಇನ್ನೊಂದು ಝೆರಾಕ್ಸ್ ತರಿಸಿಕೊಂಡು, ಹೇಳಿದಂತೆಯೇ, ಹೆಸರು ಊರು ತಾರೀಖು ಬದಲಿಸಿ, ಉಳಿದದ್ದು ಮುಟ್ಟದೆ. ಮಾನ್ಯ ತತ್ವವೇ ವಾಪಸು ಬಂದಿತ್ತು. ಆರೋಗ್ಯ ಸಡಿಲವಾಗಿತ್ತು. ಮೊಣಕಾಲು ಹೋಗಿ ಬೆನ್ನು ಬಂದಿತ್ತು. ಕೊನೆಯಲ್ಲಿ ನನ್ನ ಅರ್ಜಿಯೊಂದನ್ನು ಹೊರಗಿಟ್ಟು ಎಂದು ಸ್ಪಷ್ಟವಾಗಿ ಕೇಳಿಕೊಂಡಿದ್ದರು. ಅದರ ಮುಂದೆ ಭಾಲ್ಕಿ ಎಂದು ದಪ್ಪ ಅಕ್ಷರದಲ್ಲಿ ಬರೆದು, ಸಾಲದೆಂಬಂತೆ ಕೆಳಗೆ ಎರಡು ಗೆರೆ ಎಳೆದಿದ್ದರು.

ಊರಿನ ಹೆಸರಿಗೆ ಯಾಕಿಷ್ಟು ಗೆರೆ ಎಂದುಕೊಂಡೆ. ಕಾಗದದ ಕೆಳಗೇ ಫೈಲು ಇತ್ತು. ತೆರೆದೆ. ಮೊದಲಿಗೇ ಸಿಕ್ಕಿತು, ಮುದ್ರೆ ಬಿದ್ದ ನನ್ನ ಅರ್ಜಿ. ಗುಮಾಸ್ತರು ಹೇಳಿದ್ದು ನಿಜ, ಭಾಳ ಚಂದ ಬರೆದಿದ್ದೆ. ಒಂದಕ್ಷರ ತಪ್ಪಿರಲಿಲ್ಲ. ಕೊನೆಯ ಸಾಲಿನಲ್ಲಿ, ನಾನು ಅಷ್ಟು ಹೊತ್ತು ಕಣ್ಣಿಟ್ಟು ತಿದ್ದಿದ ಆ ಪದದಿಂದ ಆರೇಳು ಪದದಾಚೆ, ಹೆಡ್ ಮಾಸ್ತರರು ತಮ್ಮ ಹುಟ್ಟೂರಿಗೆ ಹೋಗಲು ಬರೆದುಕೊಂಡಿದ್ದ ಊರಿನ ಹೆಸರು ಹಾಗೆಯೇ ಕೂತಿತ್ತು. ದಯವಿಟ್ಟು ನನ್ನ ಅರ್ಜಿಯನ್ನು ಒಪ್ಪಿಕೊಂಡು ನನ್ನನ್ನು ಚಿಂತಾಕಿಗೆ ವರ್ಗ ಮಾಡಬೇಕು. ಆ ಹೆಡ್ ಮಾಸ್ತರರನ್ನು ಬಿಟ್ಟು ಬೇರೆ ಯಾರೂ ಕೇಳಿಕೊಂಡು ಹೋಗದ ಊರನ್ನು ಒಬ್ಬರು ಶುದ್ಧ ಇಂಗ್ಲಿಷಿನಲ್ಲಿ ಕೇಳಿದಾಗ ಸಂಸ್ಥೆ ಏಳೇ ದಿನದಲ್ಲಿ ಕೊಟ್ಟದ್ದರಲ್ಲಿ ಆಶ್ಚರ್ಯವೇನಿದೆ? ಚಿಂತಾಕಿ ಎಂಬ ಪದದ ಕೆಳಗೆ ತೆಳ್ಳಗೆ ಒಂದು ಪೆನ್ಸಿಲ್ ಗೆರೆ ಇತ್ತು.

ನನ್ನ ಮೂರು ತಿಂಗಳ ಚಳವಳಿ ಕಣ್ಣ ಮುಂದೆ ಬಂತು. ಇಂಗ್ಲಿಷ್ ಶಬ್ದ ತಪ್ಪಾಯಿತು ಎಂದರೆ ನಮ್ಮಲ್ಲಿ ಯಾರೂ ಯಾರನ್ನೂ ದೂರುವುದಿಲ್ಲ. ಮಳೆ ಬಂದು ಬಟ್ಟೆ ತೊಯ್ದಂತೆ ಅದು. ಊರಿನ ಹೆಸರು ಬದಲಿಸುವುದನ್ನೇ ಮರೆತಳು ಎಂದಿದ್ದರೆ? ಇಂಗ್ಲಿಷ್ ಮೇಡಂ, ಚರ್ಚೆಯ ರಾಣಿ, ತನ್ನ ಅತ್ತೆ ಯಾವ ಊರಿಗೆ ಹೋಗಬೇಕು ಎಂಬುದನ್ನೇ ನೋಡಲಿಲ್ಲ ಎಂದು ಸೀಮಂತದಲ್ಲೂ ಗೃಹಪ್ರವೇಶದಲ್ಲೂ ನಗುತ್ತಿದ್ದರು. ಅತ್ತೆ ನನಗಾಗಿ ಒಂದು ಕೊಡೆ ಹಿಡಿದಿದ್ದರು. ನಾನು ಅದರ ಕೆಳಗೆ ನಿಂತು, ಕೊಡೆಗೆ ತೂತಿದೆ ಎಂದು ಜಿಲ್ಲೆಗೆಲ್ಲ ಕೂಗುತ್ತಿದ್ದೆ.

ಆದರೆ ಕಣ್ಣು ಮತ್ತೆ ಆ ಗೆರೆಯ ಮೇಲೇ ಹೋಯಿತು. ಆದೇಶ ಬಂದ ಮೇಲೆ, ಇದು ಹೇಗಾಯಿತು ಎಂದು ಹುಡುಕಿ ಎಳೆದ ಗೆರೆಯೇ? ಇರಬಹುದು. ಇರಲಿ ಎಂದು ಬಯಸಿದೆ. ಪೆನ್ಸಿಲ್ ಕೊನೆಯ ಸಾಲಿನಲ್ಲಿ ನಿಂತದ್ದು, ಎಲ್ಲಾ ಬರೋಬರ ಅದ ಏನವಾ ಎಂದು ಅವರು ಕೇಳಿದ್ದು, ನನ್ನ ಬಾಯಲ್ಲಿದ್ದ ತೊಗರಿಕಾಳಿನ ಹಸಿ ರುಚಿ ಸಮೇತ ನೆನಪಾಯಿತು. ಅವರು ಕೇಳಿದ್ದರು. ನನಗೂ ಕೇಳಿತ್ತು. ನಾನು ತಲೆ ಎತ್ತಿ ಆ ಪೆನ್ಸಿಲ್ ಎಲ್ಲಿ ನಿಂತಿದೆ ಎಂದು ನೋಡಿರಲಿಲ್ಲ.

ಅತ್ತೆ ಚಹಾ ತಂದಿಟ್ಟು, ಕಾಲು ಚಾಚಿ ಮೆಲ್ಲಗೆ ಕೂತರು. ಫೈಲು ತೆರೆದಿದ್ದನ್ನು ನೋಡಿದರು. ತಮ್ಮ ಹೊಸ ಅರ್ಜಿಯನ್ನು ನನ್ನತ್ತ ಸರಿಸಿ, "ಎಲ್ಲಾ ಬರೋಬರ ಅದ ಏನು?" ಎಂದರು. ಕೆಂಪು ಪೆನ್ನು ಚೀಲದಲ್ಲೇ ಇತ್ತು. ನಾನು ಊರಿನ ಹೆಸರನ್ನು ಮೂರು ಸಲ ಓದಿದೆ. ಅದು ಭಾಲ್ಕಿಯೇ. "ಬರೋಬರ ಅದ ರಿ" ಎಂದೆ. ಅವರು ಸಹಿ ಹಾಕಿ ಮಡಿಚಿದರು.

ಎದುರಿನವರಿಗೆ ಹಾಕುವ ಪ್ರಶ್ನೆಯ ಉತ್ತರ ನಿಮಗೆ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಬಾಯಿ ಬಿಡಬೇಡಿ ಎಂದು ಚರ್ಚೆಯ ತರಬೇತಿಯಲ್ಲಿ ಹೇಳುತ್ತಿದ್ದರು. ನಾನು ಆ ನಿಯಮವನ್ನು ಅದುವರೆಗೆ ಎಂದೂ ಮುರಿದವಳಲ್ಲ. ಹಳೆಯ ಅರ್ಜಿಯನ್ನು ಅವರ ಮುಂದಿಟ್ಟು, ಗೆರೆಯ ಮೇಲೆ ಬೆರಳಿಟ್ಟೆ.

"ಅತ್ತಿ, ಈ ಗೆರಿ ನೀವು ಸಹಿ ಮಾಡೂಕಿಂತ ಮೊದಲೇ ಹಾಕಿದ್ರೇನ್ರಿ?"